ಹಾಯಿ ಇಳಿಸಿದ ಮೇಲೆ ಉಳಿದ ಮಾತು

‘ಸಂಘದ ಚುಕ್ಕಾಣಿ ಹಿಡಿದರು’ ಎಂದು ಪತ್ರಿಕೆಯಲ್ಲಿ ಬಂದರೆ ಸಮುದ್ರವನ್ನೇ ಕಾಣದವರಿಗೂ ಅರ್ಥವಾಗುತ್ತದೆ. ಚುಕ್ಕಾಣಿ ಎಂದರೆ ಹಡಗಿನ ಹಿಂಬದಿಯಲ್ಲಿ ನೀರಿಗಿಳಿದು, ಬಾಗಿಲಿನ ಹಾಗೆ ಅತ್ತಿತ್ತ ತಿರುಗುವ ದಪ್ಪ ಹಲಗೆ. ಹಲಗೆ ಎಡಕ್ಕೆ ಹೊರಳಿದರೆ ಹಡಗಿನ ಮೂತಿಯೂ ಎಡಕ್ಕೆ. ಅರಬ್ಬಿಯ ‘ಸುಕ್ಕಾನ್’ ನಮ್ಮ ಬಾಯಲ್ಲಿ ಹೀಗಾಯಿತು.

ವಿಜಯನಗರದ ಕಾಲದಲ್ಲಿ ಭಟ್ಕಳದಲ್ಲಿ ಕುದುರೆಗಳು ಇಳಿಯುತ್ತಿದ್ದವು. ಅಂಥ ಹಡಗುಗಳ ಒಡನಾಟದಲ್ಲೇ ಕರಾವಳಿಗೆ ಮಾತುಗಳೂ ಇಳಿದವು. ‘ಬಂದರು’, ‘ಲಂಗರು’ ಪಾರಸಿಯಿಂದ ಬಂದವು. ಲಂಗರು ಬರೀ ಭಾರದಿಂದ ಹಡಗನ್ನು ಹಿಡಿಯುವುದಿಲ್ಲ. ಹಗ್ಗವನ್ನು ನೀರಿನ ಆಳಕ್ಕಿಂತ ಹಲವು ಪಟ್ಟು ಉದ್ದ ಬಿಡಬೇಕು. ಆಗ ಎಳೆತ ಅಡ್ಡಲಾಗಿ ಬಿದ್ದು ಲಂಗರಿನ ಕೊಕ್ಕೆ ಕೆಸರಿನಲ್ಲಿ ಊರುತ್ತದೆ.

ಹಾಯಿ ಮಾತ್ರ ದ್ರಾವಿಡ ನುಡಿಗಳ ಸ್ವಂತ ಸೊತ್ತು. ತಮಿಳಿನ ‘ಪಾಯ್’ ಎಂದರೆ ಹಾಯಿಯೂ ಹೌದು, ಚಾಪೆಯೂ ಹೌದು. ಚಾಪೆಯ ಹಾಗೆ ಹೆಣೆದ ಹಾಯಿಗಳೂ ಒಂದು ಕಾಲದಲ್ಲಿ ಇದ್ದವು. ಹಾಯಿಯನ್ನು ಹೊತ್ತು ನಿಲ್ಲುವ ಕಂಬವೇ ಕೂವೆ. ಅರಬ್ಬೀ ಸಮುದ್ರದ ಹಡಗುಗಳಲ್ಲಿ ಉದ್ದನೆಯ ಓರೆಮರವೊಂದು ಕೂವೆಗೆ ತೂಗಿಕೊಂಡಿರುತ್ತಿತ್ತು. ಮುಕ್ಕೋನದ ಹಾಯಿಯನ್ನು ಅದಕ್ಕೆ ಬಿಗಿಯುತ್ತಿದ್ದರು. ಗಾಳಿ ಮಗ್ಗುಲು ಬದಲಿಸಿತೋ, ಆ ಭಾರೀ ಮರವನ್ನು ಹಾಯಿ ಸಮೇತ ಕೂವೆಯ ಇನ್ನೊಂದು ಬದಿಗೆ ಸಾಗಿಸಬೇಕು. ಖಲಾಸಿಗಳು, ಅಂದರೆ ಹಡಗಾಳುಗಳು, ಎಲ್ಲ ಒಟ್ಟಾಗಿ ಕೈಹಚ್ಚಿದರೇ ಆಗುವ ಕೆಲಸ ಅದು.

ಆ ಖಲಾಸಿಗಳ ಆಡುಮಾತನ್ನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಥಾಮಸ್ ರೋಬಕ್ 1811ರಲ್ಲಿ ನಿಘಂಟಾಗಿಸಿದ. ಮೇಲಿನ ಹಾಯಿಗೆ ಅವರು ಹೇಳುತ್ತಿದ್ದ ‘ಗಾವಿ’ ಪೋರ್ಚುಗೀಸರ ‘ಗಾವಿಯ’ದಿಂದ ಬಂದದ್ದು. ಒಂದೇ ಹಡಗಿನಲ್ಲಿ ದುಡಿದವರು ಒಬ್ಬರ ಮಾತನ್ನು ಒಬ್ಬರು ಹೀಗೆ ತಮ್ಮದು ಮಾಡಿಕೊಂಡರು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಮಂಜಿಗಳು ಹಾಯಿ ಬಿಟ್ಟು ಎಂಜಿನ್ ಹಿಡಿದವು. ಚುಕ್ಕಾಣಿಗೆ, ಲಂಗರಿಗೆ ಅಲ್ಲಿ ಇನ್ನೂ ಕೆಲಸವಿದೆ. ಚುಕ್ಕಾಣಿ ದಡಕ್ಕೂ ಹತ್ತಿ ರಾಜಕೀಯ ಸೇರಿತು. ‘ಖಲಾಸಿ’ ರೈಲ್ವೆಯಲ್ಲಿ ಹುದ್ದೆಯಾಯಿತು. ಹಡಗಾಳುಗಳ ಮುಖಂಡನಾಗಿದ್ದ ‘ತಾಂಡೇಲ’ ಕಾರವಾರದ ಕಡೆ ಮನೆತನದ ಹೆಸರಾಗಿ ಉಳಿದ. ಕೂವೆಗೆ ಮಾತ್ರ ನೀರಿನಲ್ಲೂ ಕೆಲಸ ತಪ್ಪಿತು, ನೆಲದಲ್ಲೂ ಸಿಗಲಿಲ್ಲ. ಅದೀಗ ನಿಘಂಟಿನಲ್ಲಿ ಮಲಗಿದೆ.

ಕೆಲಸ ಕಳೆದುಕೊಂಡ ಮಾತು ಬಾಯಿಂದಲೂ ಬೇಗ ಜಾರುತ್ತದೆ. ಹಾಯಿ ಏರಿಸಿದ ಅಜ್ಜಂದಿರು ಕರಾವಳಿಯ ಮನೆಗಳಲ್ಲಿ ಇದ್ದರೆ, ಅವರ ಎದುರು ಕೂತು ಯಾವ ಹಗ್ಗಕ್ಕೆ ಯಾವ ಹೆಸರು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ರೋಬಕ್‌ ಮಾಡಿದ್ದೂ ಅದನ್ನೇ.