ಸಿಮೆಂಟಿನ ಕಣಜದಲ್ಲಿ ಕಚೇರಿ

ಹಳೆಯ ಮನೆಯನ್ನು ಕೆಡವುವಾಗ ನಮ್ಮ ಹಿರಿಯರು ತೊಲೆ, ಕಂಬ, ಬಾಗಿಲವಾಡಗಳನ್ನು ಜತನದಿಂದ ತೆಗೆದಿರಿಸುತ್ತಿದ್ದರು. ಮರಕ್ಕೆ ಸಲ್ಲುವ ಈ ವಿವೇಕ ಕಾಂಕ್ರೀಟಿಗೆ ಏಕೆ ಸಲ್ಲಬಾರದು? ಈ ಪ್ರಶ್ನೆಗೆ ಒಂದು ಉತ್ತರ ಸ್ಪೇನ್ ದೇಶದಲ್ಲಿ, ಬಾರ್ಸಿಲೋನಾ ನಗರಕ್ಕೆ ಅಂಟಿಕೊಂಡ ಸಾಂತ್ ಜುಸ್ತ್ ದೆಸ್ವೆರ್ನ್ ಎಂಬ ಊರಿನಲ್ಲಿ ನಿಂತಿದೆ.

ಅದು ಸಿಮೆಂಟು ಕಾರ್ಖಾನೆಯಾಗಿತ್ತು. ಅಗತ್ಯ ಬಿದ್ದಂತೆಲ್ಲ ಕಟ್ಟಡಕ್ಕೆ ಕಟ್ಟಡ ಸೇರಿಸುತ್ತ ಬೆಳೆದದ್ದು. 1973ರಲ್ಲಿ ವಾಸ್ತುಶಿಲ್ಪಿ ರಿಕಾರ್ಡೊ ಬೊಫಿಲ್ ಅದನ್ನು ಕಂಡಾಗ ಕೆಲಸ ನಿಂತು ಪಾಳು ಬಿದ್ದಿತ್ತು. ಸಿಮೆಂಟು ತುಂಬಿಡುವ ಮೂವತ್ತಕ್ಕೂ ಹೆಚ್ಚು ದುಂಡನೆಯ ಕಣಜಗಳು, ನೆಲದಡಿಯ ಸುರಂಗಗಳು, ದೈತ್ಯ ಯಂತ್ರಗಳ ಕೋಣೆಗಳು, ಎಲ್ಲಿಗೂ ಮುಟ್ಟದ ಮೆಟ್ಟಿಲುಗಳು! ಬೇರೆಯವರಾಗಿದ್ದರೆ ಎಲ್ಲವನ್ನೂ ನೆಲಸಮ ಮಾಡಿಸುತ್ತಿದ್ದರೇನೋ. ಆಗಿನ್ನೂ ಮೂವತ್ತಮೂರರ ತರುಣರಾಗಿದ್ದ ಬೊಫಿಲ್ ಅದನ್ನೇ ತಮ್ಮ ಕಚೇರಿಯಾಗಿಯೂ ಮನೆಯಾಗಿಯೂ ಮಾಡಿಕೊಳ್ಳಲು ನಿಶ್ಚಯಿಸಿದರು.

ಉಳಿಸುವುದೆಂದರೆ ಇದ್ದುದೆಲ್ಲವನ್ನೂ ಇದ್ದಂತೆಯೇ ಇಟ್ಟುಕೊಳ್ಳುವುದಲ್ಲ. ಒಂದೂವರೆ ವರುಷಕ್ಕೂ ಮಿಕ್ಕಿ ಸಿಡಿಮದ್ದು, ಸುತ್ತಿಗೆಗಳ ಕೆಲಸ ನಡೆಯಿತು. ಶಿಲ್ಪಿಯು ಕಲ್ಲಿನಿಂದ ಬೇಡದ್ದನ್ನು ಕಳೆಯುವಂತೆ ಕಟ್ಟಡದಿಂದ ಬೇಡದ್ದನ್ನು ಕಳೆದರು. ಕೊನೆಗುಳಿದವು ಎಂಟು ಕಣಜಗಳು. ಅವುಗಳ ಗೋಡೆ ಕೊರೆದು ಕಿಟಕಿಗಳನ್ನಿಟ್ಟರು. ಧೂಳು ತುಂಬಿದ್ದಲ್ಲಿ ನಕ್ಷೆ ಬರೆಯುವವರ ಮೇಜುಗಳು ಬಂದವು. ಎತ್ತರವಾದ ಯಂತ್ರಶಾಲೆ ಸಭಾಂಗಣವಾಯಿತು. ಸುತ್ತಲೂ ನೀಲಗಿರಿ, ತಾಳೆ, ಆಲಿವ್, ಸೈಪ್ರೆಸ್ ಮರಗಳನ್ನು ನೆಟ್ಟರು; ಬಳ್ಳಿಗಳು ಬೋಳು ಗೋಡೆಯನ್ನು ತಬ್ಬಿ ಮೇಲೇರಿದವು.

ಇದು ಕೇವಲ ಕಲಾವಿದನ ಚಪಲವೆ? ಹಾಗೆನ್ನಲಾಗದು. ಸಿಮೆಂಟು ಮಾಡಲು ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಉರಿಯುವ ಇಂಧನದ ಹೊಗೆಯೊಂದೇ ಅಲ್ಲ, ಸುಣ್ಣಕಲ್ಲು ತಾನೇ ಬಿಡುವ ಇಂಗಾಲಾಮ್ಲವೂ ಆಗಸಕ್ಕೆ ಸೇರುತ್ತದೆ. ಮನುಷ್ಯರು ವಾತಾವರಣಕ್ಕೆ ಸೇರಿಸುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ನಿಂತಿರುವ ಗೋಡೆಗೆ ಆ ಬೆಲೆ ಎಂದೋ ತೆತ್ತಾಗಿದೆ. ಅದನ್ನು ಒಡೆದು ಮತ್ತೊಂದನ್ನು ಕಟ್ಟಿದರೆ ಅದೇ ಬೆಲೆಯನ್ನು ಎರಡನೆಯ ಸಲ ತೆರಬೇಕು. ಹೊಸ ಕಟ್ಟಡ ಎಷ್ಟೇ ಮಿತವಾಗಿ ವಿದ್ಯುತ್ತನ್ನು ಬಳಸಲಿ, ಆ ಸಾಲ ತೀರಲು ವರ್ಷಾನುವರ್ಷಗಳು ಬೇಕು.

ದಪ್ಪ ಗೋಡೆಗೆ ಇನ್ನೊಂದು ಗುಣವಿದೆ. ನಮ್ಮ ಹಳೆಯ ಮಣ್ಣಿನ ಮನೆಗಳಂತೆ ಅದು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ರಾತ್ರಿ ನಿಧಾನವಾಗಿ ಬಿಡುತ್ತದೆ. ಮರದ ನೆರಳೂ ಎಲೆಯ ತೇವವೂ ಬೇಸಗೆಯ ಝಳವನ್ನು ತಗ್ಗಿಸುತ್ತವೆ. ಇಷ್ಟರಿಂದಲೇ ಎಲ್ಲವೂ ಸರಿಹೋಗದು ನಿಜ. ಚಾವಣಿಯಿಂದಿಳಿಯುವ ಕಾವು, ಕಿಟಕಿಯ ಸಂದಿನಿಂದ ಸೋರುವ ಗಾಳಿ ಇವಕ್ಕೆಲ್ಲ ತಕ್ಕ ಏರ್ಪಾಡು ಬೇಕು. ಆದರೆ ಅವು ದುರಸ್ತಿಯಿಂದ ಆಗಬಹುದಾದ ಕೆಲಸಗಳು. ಅವುಗಳಿಗಾಗಿ ಕಟ್ಟಡವನ್ನೇ ಬಲಿಗೊಡಬೇಕಾಗಿಲ್ಲ.

ಬೊಫಿಲ್ 2022ರ ಜನವರಿಯಲ್ಲಿ ತೀರಿಕೊಂಡರು. ಅವರ ಸಂಸ್ಥೆಯ ಕೆಲಸ ನಿಲ್ಲಲಿಲ್ಲ. ಯಾವ ಊರಿನಲ್ಲಾಗಲಿ, ಬಾಗಿಲು ಮುಚ್ಚಿದ ಗಿರಣಿಯ ಮುಂದೆ ಕೆಡವುವ ಯಂತ್ರ ಬಂದು ನಿಂತಾಗ, ಸಾಂತ್ ಜುಸ್ತ್‌ನ ಆ ಎಂಟು ಕಣಜಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಕೆಡವುವ ನಿರ್ಧಾರವನ್ನು ನಾಳೆಯೂ ಮಾಡಬಹುದು. ಕೆಡವಿದ್ದನ್ನು ನಾಳೆ ಮರಳಿ ಪಡೆಯಲಾಗದು.