ಅಜ್ಜನ ಕೈಗೊಂದು ಕ್ಯಾಮೆರಾ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಂಬಿ ಹಿರಿಯರು ಹೊಸತನ್ನು ಕಲಿಯುವುದನ್ನೇ ಬಿಡಬೇಕೆ? ಅಮೆರಿಕದ ಡಲ್ಲಾಸಿನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 60ರಿಂದ 90 ವರ್ಷದ 221 ಮಂದಿಯನ್ನು ಪರೀಕ್ಷಿಸಿದರು. ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆಯಂತೆ ಕೆಲವರು ಡಿಜಿಟಲ್ ಛಾಯಾಗ್ರಹಣ, ಕೆಲವರು ಕೌದಿ ಹೊಲಿಗೆ, ಕೆಲವರು ಎರಡನ್ನೂ ಕಲಿತರು. ಉಳಿದವರಲ್ಲಿ ಕೆಲವರು ಹರಟೆ, ಪ್ರವಾಸ, ಪದಬಂಧಗಳಲ್ಲಿ ಕಾಲ ಕಳೆದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೆನಪಿನ ಶಕ್ತಿ ಸುಧಾರಿಸಿದ್ದು ಮುಖ್ಯವಾಗಿ ಛಾಯಾಗ್ರಹಣ ಕಲಿತವರಲ್ಲಿ.

ಕಾರಣವೇನು? ಬೆಳಕಿನ ಅಳತೆ, ಶಟರಿನ ವೇಗ, ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ಕ್ರಮ ಎಲ್ಲವನ್ನೂ ನೆನಪಿಡಬೇಕು, ಯೋಚಿಸಬೇಕು. ಗೊತ್ತಿದ್ದುದನ್ನೇ ಮಾಡುತ್ತಿದ್ದರೆ ಮಿದುಳಿಗೆ ಅಷ್ಟು ಕೆಲಸವಿಲ್ಲ. ಹಾಗೆಂದು ಇದು ಮರೆಗುಳಿ ರೋಗಕ್ಕೆ ಮದ್ದಲ್ಲ. ದಿನನಿತ್ಯದ ಕೆಲಸ ಕೆಡಿಸುವ ಮರೆವಿಗೆ ವೈದ್ಯರನ್ನೇ ಕಾಣಬೇಕು.

ಮಿದುಳಿನ ಮುಪ್ಪಿನ ಅಧ್ಯಯನ ನಮ್ಮಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುವ ಯೋಜನೆ ಕೈಗೊಂಡಿದೆ.

ಪೆರಾಬೆಯ ಅಡಿಕೆ ತೋಟದಲ್ಲಿ ಚಿತ್ರ ತೆಗೆಯಲು ವಸ್ತುಗಳಿಗೇನು ಬರ? ಮಕ್ಕಳೇ, ರಜೆಯಲ್ಲಿ ಅಜ್ಜ-ಅಜ್ಜಿಗೆ ಮೊಬೈಲಿನ ಕ್ಯಾಮೆರಾ ಕಲಿಸಿ. ತಡವಾಯಿತೆಂದು ಕಿತ್ತುಕೊಂಡು ನೀವೇ ಒತ್ತಬೇಡಿ. ಆ ತಡವರಿಕೆಯಲ್ಲೇ ಕಲಿಕೆ ಇದೆ.