ಗಿರಾಕಿ ಮತ್ತೆ ಬರಬೇಕಾದರೆ



ಏಪ್ರಿಲ್ ತಿಂಗಳಲ್ಲಿ ಕುಮಟಾ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೀರಾ? ಅಳ್ವೆಕೋಡಿ, ಹಂದಿಗೋಣದ ಹತ್ತಿರ ಕಿಟಕಿಯಿಂದ ನೋಡಿ. ರಸ್ತೆ ಬದಿಯಲ್ಲಿ ನೀರುಳ್ಳಿ ಗೊಂಚಲುಗಳು ಸಾಲಾಗಿ ತೂಗುತ್ತಿರುತ್ತವೆ.

ಹತ್ತು ಅಂಗಡಿ ಇವೆ ಎಂದು ಇಟ್ಟುಕೊಳ್ಳಿ. ಹತ್ತರಲ್ಲೂ ಅದೇ ನೀರುಳ್ಳಿ. ದರವೂ ಹೆಚ್ಚು ಕಡಿಮೆ ಒಂದೇ. ಒಂದು ಕಾರು ಬರುತ್ತದೆ. ಒಂಬತ್ತು ಅಂಗಡಿ ದಾಟಿ ಹತ್ತನೆಯದರ ಮುಂದೆ ನಿಲ್ಲುತ್ತದೆ. "ಹೋದ ವರ್ಷವೂ ನಿಮ್ಮ ಹತ್ತಿರವೇ ತಗೊಂಡಿದ್ವಿ ಅಕ್ಕಾ" ಅನ್ನುತ್ತಾರೆ ಕಾರಿನವರು.

ಆ ಕಾರು ಅಲ್ಲಿಯೇ ಯಾಕೆ ನಿಂತಿತು? ಇದನ್ನೇ ನಾವು ಇಲ್ಲಿ ನೋಡೋಣ.

ದೊಡ್ಡ ಕಂಪನಿಗಳಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ. 'ಸಾರ್ವಜನಿಕ ಸಂಪರ್ಕ' ಅನ್ನುತ್ತಾರೆ. ಅದಕ್ಕೇ ಬೇರೆ ಆಫೀಸು, ಸಂಬಳದ ಜನ. ನಮಗೆ ಅದೆಲ್ಲ ಎಲ್ಲಿಂದ ಬರಬೇಕು? ಆದರೆ ಕೆಲಸ ಒಂದೇ. ಜನ ನಮ್ಮ ಬಗ್ಗೆ ಏನು ಮಾತಾಡುತ್ತಾರೆ ಎಂದು ತಿಳಿದುಕೊಳ್ಳುವುದು. ಅವರು ಒಳ್ಳೆಯದು ಮಾತಾಡುವ ಹಾಗೆ ನಡೆದುಕೊಳ್ಳುವುದು.

ಮೊದಲು ನೀರುಳ್ಳಿಯ ಮಾತೇ ಮುಗಿಸೋಣ. ಕುಮಟಾದ ನೀರುಳ್ಳಿಗೆ ಖಾರ ಕಡಿಮೆ, ಸಿಹಿ ಜಾಸ್ತಿ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಬೆಳೆಯುತ್ತಾರೆ. ಗೊಂಚಲು ಕಟ್ಟಿ ಗಾಳಿಯಾಡುವಲ್ಲಿ ತೂಗುಹಾಕಿದರೆ ಮಳೆಗಾಲಕ್ಕೂ ಉಳಿಯುತ್ತದೆ. ಹಾಗಾಗಿಯೇ ದೂರದೂರಿನವರೂ ಗಾಡಿ ನಿಲ್ಲಿಸಿ ಕೊಳ್ಳುತ್ತಾರೆ.

ಈಗ ಒಬ್ಬ ಅಕ್ಕ ಬೇರೆ ಕಡೆಯ ಅಗ್ಗದ ಈರುಳ್ಳಿ ತರಿಸಿದಳು ಅನ್ನಿ. ಅದನ್ನೂ ಗೊಂಚಲು ಕಟ್ಟಿದಳು. "ಎಲ್ಲಾ ಕುಮಟಾದ್ದೇ" ಎಂದು ಮಾರಿದಳು. ಅವತ್ತು ಲಾಭ ಬಂತು, ಹೌದು. ಆದರೆ ಕೊಂಡವರು ಹುಬ್ಬಳ್ಳಿಗೆ ಹೋಗಿ ಹೆಚ್ಚಿದರು. ಕಣ್ಣಲ್ಲಿ ನೀರು ಬಂತು. ಅವರಿಗೆ ಆ ಅಕ್ಕನ ಹೆಸರು ಗೊತ್ತಿಲ್ಲ, ಅಂಗಡಿ ಯಾವುದೆಂದೂ ನೆನಪಿಲ್ಲ. ಅವರು ಏನಂತಾರೆ? "ಕುಮಟಾ ಈರುಳ್ಳಿ ಅಂದ್ರೆ ಮೋಸ" ಅಂತಾರೆ. ಅಂದರೆ ಒಬ್ಬಳ ಸುಳ್ಳಿಗೆ ಹತ್ತೂ ಅಂಗಡಿಯವರು ದಂಡ ಕಟ್ಟಿದ ಹಾಗಾಯಿತು. ಬೇರೆ ಕಡೆಯ ಈರುಳ್ಳಿ ಮಾರುವುದು ತಪ್ಪಲ್ಲ. ಬೇರೆ ಬುಟ್ಟಿಯಲ್ಲಿಡಿ, ಎಲ್ಲಿಯದೆಂದು ಹೇಳಿ ಮಾರಿ.

ನೀವೀಗ ಅಕ್ಷರ ಕಲಿತಿದ್ದೀರಿ. ಅದನ್ನು ಅಂಗಡಿಗೆ ಹಚ್ಚಿ. ಒಂದು ಹಲಗೆ ತನ್ನಿ. ಎರಡೇ ಮಾತು ಬರೆಯಿರಿ. 'ಕುಮಟಾ ಈರುಳ್ಳಿ', ಅದರ ಕೆಳಗೆ ಇವತ್ತಿನ ದರ. ನಾವು ಮನೆಯಲ್ಲಿ ನೀರುಳ್ಳಿ ಅನ್ನುತ್ತೇವೆ. ಆದರೆ ಕಾರಿನಲ್ಲಿ ಬರುವವರು ಹೆಚ್ಚಾಗಿ ಘಟ್ಟದ ಮೇಲಿನವರು, ಅವರಿಗೆ ಈರುಳ್ಳಿ ಎಂದರೇ ತಿಳಿಯುವುದು. ಅಕ್ಷರ ದಪ್ಪಗಿರಲಿ. ದರ ಬರೆದಿದ್ದರೆ ಮುಖ ನೋಡಿ ಬೆಲೆ ಹೇಳುತ್ತಾರೆಂಬ ಅನುಮಾನ ಹೋಗುತ್ತದೆ. ಹಲಗೆಯನ್ನು ಅಂಗಡಿಗಿಂತ ಸ್ವಲ್ಪ ಮುಂಚೆಯೇ ಕಾಣುವಂತೆ ಇಡಿ. ಈಗ ಹೆದ್ದಾರಿ ಅಗಲವಾಗಿದೆ, ಗಾಡಿಗಳು ಜೋರಾಗಿ ಬರುತ್ತವೆ. ಫಕ್ಕನೆ ಬ್ರೇಕು ಹಾಕಿಸಬಾರದು. ಗಾಡಿ ಪೂರ್ತಿ ಕೆಳಗಿಳಿದು ನಿಲ್ಲಲು ಜಾಗ ಇಲ್ಲದಲ್ಲಿ ಅಂಗಡಿ ಇಡಲೇಬೇಡಿ. ವ್ಯಾಪಾರಕ್ಕಿಂತ ಜೀವ ದೊಡ್ಡದು.

ತಕ್ಕಡಿಗೆ ಸರಕಾರದ ಮುದ್ರೆ ಇರಲಿ. ಅದು ಗಿರಾಕಿಗೆ ಕಾಣುವ ಕಡೆ ಇರಲಿ.

ಭಟ್ಕಳದ ಕಡೆಗೆ ಬರೋಣ. ಭಟ್ಕಳ ಮಲ್ಲಿಗೆಯ ಹೆಸರು ಯಾರು ಕೇಳಿಲ್ಲ? ಮಲ್ಲಿಗೆ ಮಾರುವಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಮೊಳದಿಂದ. ಉದ್ದ ಕೈಯವಳ ಮೊಳ ಉದ್ದ, ಗಿಡ್ಡ ಕೈಯವಳ ಮೊಳ ಗಿಡ್ಡ! ಒಂದು ಕೋಲಿಗೆ ಗುರುತು ಹಾಕಿ ಇಟ್ಟುಕೊಂಡರೆ ಆ ಮಾತೇ ಇಲ್ಲ.

ಮದುವೆ ದಿನಗಳಲ್ಲಿ ಹೂವಿನ ದರ ಏರುತ್ತದೆ. ಮಳೆ ಬಂದರೆ ಮೊಗ್ಗು ಕಡಿಮೆಯಾಗುತ್ತದೆ. ಇದು ನಮಗೆ ಗೊತ್ತು. ಕೊಳ್ಳುವವರಿಗೆ ಗೊತ್ತಿರುವುದಿಲ್ಲ. "ಬೇಕಾದರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ" ಅಂದರೆ ಅವರು ಬಿಟ್ಟೇ ಹೋಗುತ್ತಾರೆ. "ಎರಡು ದಿನ ಮಳೆ ಅಮ್ಮಾ, ಹೂವೇ ಇಲ್ಲ, ಅದಕ್ಕೇ ದರ ಹೆಚ್ಚು" ಅನ್ನಿ. ಮದುವೆ ಮನೆಗೆ ಹೂವು ಕೊಡುತ್ತೇನೆಂದು ಒಪ್ಪಿಕೊಂಡಿದ್ದು, ಆಗದೇ ಹೋಗುವಂತೆ ಕಂಡರೆ ಹಿಂದಿನ ದಿನವೇ ಫೋನು ಮಾಡಿ. ಬೇರೆ ಯಾರ ಹತ್ತಿರ ಸಿಗುತ್ತದೆ ಎಂದೂ ಹೇಳಿ. ನಮ್ಮ ಗಿರಾಕಿ ಪಕ್ಕದವಳಿಗೆ ಹೋಗುತ್ತಾರಲ್ಲ ಎಂದು ಹೆದರಬೇಡಿ. ಮುಹೂರ್ತದ ಹೊತ್ತಿಗೆ ಕೈಕೊಟ್ಟವಳನ್ನು ಆ ಮನೆಯವರು ಬಹಳ ವರ್ಷ ನೆನಪಿಡುತ್ತಾರೆ.

ಭಟ್ಕಳ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲ ಕೇಳಿಸುತ್ತವೆ. ಎಲ್ಲ ಭಾಷೆಯೂ ಬರಬೇಕೆಂದಿಲ್ಲ. ಗಿರಾಕಿಯ ಭಾಷೆಯಲ್ಲಿ 'ಬನ್ನಿ, ಚೆನ್ನಾಗಿದ್ದೀರಾ' ಎನ್ನುವಷ್ಟು ಬಂದರೂ ಸಾಕು. ಅವರ ಮುಖ ನೋಡಿ, ಅರಳುತ್ತದೆ.

ಹೊನ್ನಾವರದಲ್ಲಿ ಮನೆಮನೆಗೆ ಮೀನು ಹೊತ್ತು ಮಾರುವ ಅಕ್ಕಂದಿರಿಗೆ ಈ ವಿದ್ಯೆ ನಾವು ಕಲಿಸಬೇಕಾಗಿಲ್ಲ. ಯಾವ ಮನೆಯಲ್ಲಿ ಬಂಗಡೆ ಇಷ್ಟ, ಯಾವ ಮನೆಯಲ್ಲಿ ಸೋಮವಾರ ಮೀನಿಲ್ಲ, ಎಲ್ಲ ಅವರ ತಲೆಯಲ್ಲೇ ಇರುತ್ತದೆ. ಆದರೂ ಒಂದು ಸಂಗತಿ. "ನಿನ್ನೆ ಕೊಟ್ಟ ಮೀನು ಚೆನ್ನಾಗಿರಲಿಲ್ಲ" ಎಂದು ಗಿರಾಕಿ ಹೇಳಿದರೆ ನಮಗೆ ಸಿಟ್ಟು ಬರುತ್ತದೆ. "ನನ್ನ ಮೀನಿಗೆ ಹೆಸರಿಡ್ತೀರಾ?" ಎಂದು ಬಾಯಿ ತೆರೆಯುತ್ತೇವೆ. ಸ್ವಲ್ಪ ತಡೆಯಿರಿ. ದೂರು ಹೇಳಿದವರು ಇನ್ನೂ ನಮ್ಮ ಗಿರಾಕಿ. ಏನೂ ಹೇಳದೆ ಬೇರೆಯವರ ಹತ್ತಿರ ಹೋದವರೇ ನಿಜವಾಗಿ ನಷ್ಟ. "ಹೌದಾ ಅಮ್ಮಾ? ಎಷ್ಟು ಹೊತ್ತಿಗೆ ಅಡಿಗೆ ಮಾಡಿದ್ರಿ?" ಎಂದು ಕೇಳಿ. ತಪ್ಪು ನಮ್ಮದಾದರೆ ಇವತ್ತು ನಾಲ್ಕು ಮೀನು ಹೆಚ್ಚು ಹಾಕಿ. ಆ ನಾಲ್ಕು ಮೀನಿನ ಸುದ್ದಿ ಕೇರಿಯೆಲ್ಲ ಓಡಾಡುತ್ತದೆ.

ಲಿಜ್ಜತ್ ಹಪ್ಪಳದ ಹೆಸರು ಕೇಳಿರಬಹುದು. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು ಸೇರಿ ಅದನ್ನು ಶುರು ಮಾಡಿದರು. ಸಾಲ ತಂದ ಹಣ 80 ರೂಪಾಯಿ. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಮೊದಮೊದಲು ಅವರು ಎರಡು ತರಹ ಹಪ್ಪಳ ಮಾಡುವ ಯೋಚನೆಯಲ್ಲಿದ್ದರು. ಒಂದು ಒಳ್ಳೆಯದು, ಇನ್ನೊಂದು ಅಗ್ಗದ್ದು. ಅವರಿಗೆ ಬುದ್ಧಿ ಹೇಳುತ್ತಿದ್ದ ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರು ಬೇಡವೆಂದರು. ಒಂದೇ ತರಹ ಮಾಡಿ, ಅದರ ಗುಣ ಕೆಡಿಸಬೇಡಿ ಅಂದರು. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ! ಗಿರಾಕಿಗೆ ಮಳೆಗಾಲದಲ್ಲೂ ಮಾಲು ಸಿಕ್ಕಿತು. ಇಂದು ಅಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದಾರೆ. ನಮ್ಮ ಕಡೆಯ ಮಳೆ ಮುಂಬಯಿಯ ಮಳೆಗಿಂತ ಕಡಿಮೆಯೇನಲ್ಲ. ಹಲಸಿನ ಹಪ್ಪಳ ಮಾಡುವ ನಮ್ಮ ಸಂಘದವರೂ ಇದನ್ನು ಯೋಚಿಸಬಹುದು.

ಹಪ್ಪಳದ ಪೊಟ್ಟಣದ ಮೇಲೆ ಸಂಘದ ಹೆಸರು, ವಿಳಾಸ, ತೂಕ, ಬೆಲೆ, ಮಾಡಿದ ದಿನ ಬರೆಯಬೇಕು. ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಮಾಡಿಸಬೇಕು. ಆ ಸಂಖ್ಯೆಯೂ ಪೊಟ್ಟಣದ ಮೇಲಿರಲಿ. ಹೆಸರು ಬರೆದ ಮೇಲೆ ಮಾಲು ಕೆಟ್ಟರೆ ಬೈಗುಳ ನೇರ ನಮಗೇ ಬರುತ್ತದೆ. ಅದಕ್ಕೇ ಕೆಲವರು ಹೆಸರು ಹಾಕಲು ಹಿಂಜರಿಯುತ್ತಾರೆ. ಆದರೆ ಹೊಗಳಿಕೆ ಬರುವ ದಾರಿಯೂ ಅದೇ ಅಲ್ಲವಾ?

ಸಂಘದವರು ಹಪ್ಪಳ ಮಾರಾಟ ಇಟ್ಟುಕೊಂಡರೆ ಊರಿಗೆ ತಿಳಿಸಬೇಕು. ಪತ್ರಿಕೆಯ ಸುದ್ದಿಗಾರರಿಗೆ ಒಂದು ಚಿಕ್ಕ ಪತ್ರ ಸಾಕು. ಮೊಬೈಲಿನಲ್ಲಿ ವಾಟ್ಸಾಪ್ ಇದ್ದವರು ಅದನ್ನೇ ಪರಿಚಯದವರಿಗೆ ಕಳಿಸಬಹುದು. ಹೀಗೆ ಬರೆಯಿರಿ:

'ನಮ್ಮ ಮಹಿಳಾ ಸಂಘದವರು ಮಾಡಿದ ಹಲಸಿನ ಹಪ್ಪಳ ಮಾರಾಟಕ್ಕಿದೆ. ಬರುವ ಭಾನುವಾರ ಬೆಳಿಗ್ಗೆ 9ರಿಂದ 1 ಗಂಟೆಯವರೆಗೆ. ಸ್ಥಳ: ಶಾಲೆಯ ಎದುರು. ಮೊದಲು ರುಚಿ ನೋಡಿ, ಆಮೇಲೆ ಕೊಳ್ಳಿ.'

ಬರೆದ ಮೇಲೆ ಸಂಘದಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ಯಾವ ಊರಿನ ಶಾಲೆ? ನೋಡಿ, ನಾವೂ ಊರಿನ ಹೆಸರು ಬಿಟ್ಟಿದ್ದೇವೆ. ನೀವು ನಿಮ್ಮ ಊರಿನ ಹೆಸರು ಸೇರಿಸಿ ಬರೆಯಿರಿ.